ಪುಟ್ಟಿಗೆ ಹೇಳಿದ ಮಾತು

ಧಾರಾವಾಹಿಯ ಪುಟ್ಟಿ ಒಂಬತ್ತನೇ ತರಗತಿಗೆ ಸೇರಿ ಯಾವ ಕಾಲವಾಯಿತೋ, ಇನ್ನೂ ಪಾಸಾಗಿಲ್ಲ. ಅವಳು ಪಾಸಾದರೆ ಕಥೆ ಬರೆಯುವವರ ಹೊಟ್ಟೆಪಾಡು ಕಷ್ಟ. ಪಾತ್ರ ಮಾಡುವ ಹುಡುಗಿಯರು ಬೆಳೆದು ದೊಡ್ಡವರಾಗಿ, ಒಬ್ಬಳಾದ ಮೇಲೊಬ್ಬಳು ಬದಲಾದರು. ಕಂಠ ಮಾತ್ರ ಮೊದಲಿನಿಂದಲೂ ಒಂದೇ. ಆ ಕಂಠದ ಒಡತಿಗೆ ಈಗ ಐವತ್ತರ ಹತ್ತಿರ, ಮಂಡಿನೋವು ಬೇರೆ.

ಡಬ್ಬಿಂಗ್ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಸದ್ದು ಮೈಕಿಗೆ ಬೀಳುತ್ತದೆ. ಬೆವರು ಒರೆಸಿಕೊಳ್ಳುತ್ತಾ, ಪರದೆಯ ಮೇಲಿನ ತುಟಿಗೆ ಮಾತು ಕೂಡಿಸುತ್ತಾ, ಆಕೆ "ಅಪ್ಪಾ, ನಂಗೆ ಸೈಕಲ್ ಬೇಕು" ಎಂದು ಗೋಗರೆಯುತ್ತಾರೆ. ಅತ್ತೆಗೆ ಮಾತ್ರ "ಸ್ಟುಡಿಯೋದಲ್ಲಿ ಕೆಲಸ" ಎಂದಷ್ಟೇ ಹೇಳಿದ್ದರು. ಈ ವಯಸ್ಸಿನಲ್ಲಿ ಮುದ್ದುಮುದ್ದಾಗಿ ಉಲಿಯುತ್ತೇನೆ ಎನ್ನಲು ನಾಚಿಕೆ. ಗಂಡನಿಗೆ ಗೊತ್ತಿತ್ತು, ಅವರು ಬಾಯಿಬಿಡುವ ಪೈಕಿಯಲ್ಲ.

ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವರು. ಕಣ್ಣು ಮೊದಲೇ ಮಂಜು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಊಟ ತಂದರೆ ಸಪ್ಪೆ, ಕಿಟಕಿ ಮುಚ್ಚಿದರೆ ಸೆಕೆ, ಎದೆಯ ಮಾತ್ರೆ ಕೊಟ್ಟರೆ ಥೂ ಎಂದು ಉಗಿಯುವುದು. ಆದರೆ ಪುಟ್ಟಿ ಎಂದರೆ ಪಂಚಪ್ರಾಣ. ಮಲಗಿದಲ್ಲೇ ಧಾರಾವಾಹಿ ಕೇಳಿ ಕೇಳಿ, ಟಿವಿಯೊಳಗಿನವರೂ ಮನೆಯವರೂ ಅವರ ತಲೆಯಲ್ಲಿ ಕಲಸಿಹೋಗಿದ್ದರು.

ಒಂದು ಮಧ್ಯಾಹ್ನ ಮಾತ್ರೆ ನೆಲಕ್ಕೆ ಬಿದ್ದಾಗ ಸಾಕುಸಾಕಾಗಿ, ಸೊಸೆ ಬಾಗಿಲ ಬಳಿ ನಿಂತು ಪುಟ್ಟಿಯಾದರು.

"ಅಜ್ಜಿ, ನಂಗೋಸ್ಕರ ನುಂಗಿ ಅಜ್ಜಿ."

ಮುದುಕಿಯ ಮುಖ ಅರಳಿತು. "ಬಂದ್ಯಾ ಮಗಾ? ಸ್ಕೂಲ್ ಬಿಡ್ತಾ?" ಎಂದು ಕೇಳಿ, ಗುಳಕ್ಕನೆ ನುಂಗಿಬಿಟ್ಟರು.

ಅಂದಿನಿಂದ ಪುಟ್ಟಿ ದಿನಾ ಬಂದಳು. ಊಟ ಹೊಟ್ಟೆಗಿಳಿಯಿತು, ಮಾತ್ರೆ ತಪ್ಪಲಿಲ್ಲ. ಸೊಸೆಗೆ ಒಳಗೊಳಗೇ ಹೆಮ್ಮೆ. ಮೋಸ ಎಂದು ಅನ್ನಿಸಲೇ ಇಲ್ಲ, ಯಾರ ಗಂಟು ಹೋಯಿತು?

ಒಂದು ಸಂಜೆ ಅತ್ತೆ ದನಿ ತಗ್ಗಿಸಿದರು. "ಪುಟ್ಟಿ, ನನ್ನ ಸೊಸೆ ಮನೇಲಿದಾಳಾ?"

"ಇಲ್ಲ ಅಜ್ಜಿ, ಹೊರಗೆ ಹೋಗಿದಾರೆ."

"ಹಾಗಾದ್ರೆ ಕೇಳು. ಅವಳು ನನ್ನ ಹೇಲು ಉಚ್ಚೆ ಎಲ್ಲಾ ಬಳೀತಾಳೆ ಮಗಾ. ಬಟ್ಟೆ ಬಿಚ್ಚಿ ಮೈ ಒರೆಸ್ತಾಳೆ. ನಾಚಿಕೆಗೆ ಸತ್ತೋಗೋಣ ಅನ್ಸತ್ತೆ. ಅದಕ್ಕೇ ಬೈಯೋದು. ಬೈತಾ ಇದ್ರೆ ನಾನಿನ್ನೂ ಈ ಮನೆ ಅತ್ತೆ, ಸುಮ್ನಿದ್ರೆ ಹೆಣ. ಹಿಂದೆ ಅವಳು ಜ್ವರದಲ್ಲಿ ಮಲಗಿದ್ದಾಗ ನಾನೊಂದು ಲೋಟ ನೀರೂ ಕೊಟ್ಟವಳಲ್ಲ. ಇದ್ಯಾವುದೂ ಅವಳಿಗೆ ಹೇಳ್ಬೇಡ, ನನ್ನಾಣೆ."

"ಹೇಳಲ್ಲ ಅಜ್ಜಿ."

ಪುಟ್ಟಿಯ ದನಿ ಒಂಚೂರೂ ಅಲುಗಲಿಲ್ಲ, ಅಷ್ಟು ವರ್ಷದ ಕಸುಬು. ಅಡುಗೆಮನೆಗೆ ಬಂದು ನಲ್ಲಿ ಬಿಟ್ಟು ನಿಂತಾಗ ಮಾತ್ರ ಮುಖ ಸುಡುತ್ತಿತ್ತು. ನನಗಲ್ಲದ ಮಾತನ್ನು ಕದ್ದು ಕೇಳಿದ್ದೆ, ಮಗುವಿನ ದನಿ ಮುಂದಿಟ್ಟು ಬಾಯಿಬಿಡಿಸಿದ್ದೆ ಎಂದು ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಾರನೇ ದಿನ ಪುಟ್ಟಿಯಾಗಲು ಮನಸ್ಸು ಒಪ್ಪಲಿಲ್ಲ. ಪುಟ್ಟಿಯಿಲ್ಲದೆ ಅತ್ತೆ ಬಾಯಿ ತೆರೆಯಲಿಲ್ಲ. ಎದೆಯ ಮಾತ್ರೆ ತಪ್ಪಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಮತ್ತೆ ಮೋಸ ಮಾಡಬೇಕು, ಇಲ್ಲವೇ ನಿಜ ಹೇಳಬೇಕು. ಕೊನೆಗೆ ಆಕೆ ಮಂಚದ ಅಂಚಿನಲ್ಲಿ ಕೂತರು.

"ಅತ್ತೆ, ಪುಟ್ಟಿ ಬರಲ್ಲ. ಅದು ನಾನೇ." ನಂಬಲಿ ಎಂದು ಪುಟ್ಟಿಯ ದನಿಯಲ್ಲೇ ಇನ್ನೊಮ್ಮೆ ಹೇಳಿದರು. "ನಾನೇ ಅಜ್ಜಿ. ತಪ್ಪಾಯ್ತು."

ಬೈಗುಳದ ಮಳೆ ಬರುತ್ತದೆಂದು ಆಕೆ ತಲೆ ತಗ್ಗಿಸಿ ಕಾದರು. ಬೈಗುಳ ಬಂದಿದ್ದರೆ ಆಕೆ ಬದುಕಿಕೊಳ್ಳುತ್ತಿದ್ದರು. ಅತ್ತೆ ತಡಕಾಡಿ ಕೈ ಚಾಚಿದರು, ಮಾತ್ರೆ ತೆಗೆದುಕೊಂಡು ನುಂಗಿದರು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು.

"ಮೈಯೆಲ್ಲಾ ನೀನು ನೋಡಿ ಆಗಿತ್ತು. ಇದೊಂದನ್ನ ನಿನ್ನಿಂದ ಮುಚ್ಚಿಟ್ಕೊಂಡಿದ್ದೆ" ಎಂದು ಗೋಡೆಯ ಕಡೆ ಹೊರಳಿದರು.

ಮರುದಿನ ಬೆಳಿಗ್ಗೆ ಸೊಸೆ ಬೈಯಲಿ ಎಂದೇ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದರು. ಅತ್ತೆ ಬೈಯಲಿಲ್ಲ.