ಕರೆಂಟ್ ಹೋದ ಮೇಲಿನ ಕಥೆ

ಡಬ್ಬಿ ಬಂದಿದೆ ಎಂದು ಫೋನು ಬಂದ ದಿನ ನಾನು ಕಾಲೇಜಿನಿಂದ ಮಾನ್ವಿಯ ನಮ್ಮ ಮನೆಯವರೆಗೆ ಓಡಿಯೇ ಬಂದೆ. ಐವತ್ತರ ಹತ್ತಿರ ಬಂದ ಹೆಂಗಸು, ಅದೂ ಹುಡುಗರಿಗೆ ಭೌತವಿಜ್ಞಾನ ಹೇಳಿಕೊಡುವವಳು, ಚೀಲ ಹಾರಿಸಿಕೊಂಡು ಓಡುವುದನ್ನು ನೋಡಿ ಓಣಿಯವರು ಏನು ಬೇಕಾದರೂ ಅಂದುಕೊಳ್ಳಲಿ. ನಾನು ಚಿಕ್ಕವಳಿದ್ದಾಗ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಆಕಾಶನೌಕೆಯ ಧಾರಾವಾಹಿ, ಒಂದು ಕಂತನ್ನೂ ಬಿಡದೆ, ಹಳೆಯ ಗೀರುಗಳನ್ನೆಲ್ಲ ಅಳಿಸಿಕೊಂಡು ಡಿಸ್ಕ್‌ಗಳಾಗಿ ಹೊರಬಂದಿತ್ತು. ಅದೀಗ ನನ್ನ ಮೇಜಿನ ಮೇಲೆ ಕೂತಿತ್ತು.

ಹಾಕಿ ನೋಡೋಣವೆಂದರೆ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ನನ್ನ ಹುಟ್ಟುಗುಣ. ಮರುದಿನವೇ ಬಸ್ಸು ಹತ್ತಿ ರಾಯಚೂರಿಗೆ ಹೋಗಿ, ತೀನ್ ಕಂದೀಲ್ ವೃತ್ತದ ಸುತ್ತಮುತ್ತಲಿನ ಅಂಗಡಿಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಒಬ್ಬ ಅಂಗಡಿಯವನು ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದ.

"ಈಗ ಇದನ್ನ ಯಾರು ನೋಡ್ತಾರ್ರೀ ಮೇಡಂ? ಎಲ್ಲಾ ಮೊಬೈಲ್‌ನ್ಯಾಗ ಅದ" ಎಂದ.

"ನಮ್ಮ ಕಂದೀಲು ಇಲ್ರೀ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಪಾಪ.

ನಿಮಗೂ ಹೇಳಬೇಕು. ಧಾರಾವಾಹಿಗೆ ಬೇರೆ ಹೆಸರೇ ಇತ್ತು. ದೇವದುರ್ಗದ ನಮ್ಮ ಓಣಿಯಲ್ಲಿ ಮಾತ್ರ ಅದು ಕಂದೀಲಿನ ಕಥಿ. ಆ ನೌಕೆ ಥೇಟ್ ಕಂದೀಲಿನ ಹಾಗಿತ್ತು, ಮೇಲೊಂದು ಟೊಪ್ಪಿಗೆ, ನಡುವೆ ಬೆಳಗುವ ಗಾಜು. ಅದನ್ನು ನಡೆಸುವ ನಾಯಕ ನಮಗೆ ಸಾಹೇಬ. ಮಾತಿಗೊಮ್ಮೆ ಬೆರಳೆತ್ತುವ ಮುದುಕ ವಿಜ್ಞಾನಿ ಮಾಸ್ತರ. ಓಣಿಯಲ್ಲಿ ಇದ್ದದ್ದು ಒಂದೇ ಟಿವಿ, ನಮ್ಮ ದೊಡ್ಡವ್ವನ ಮನೆಯದು. ದೊಡ್ಡಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಹಳ ಕಾಲ ಗುತ್ತಿಗೆ ಕೂಲಿ ಮಾಡಿ, ನೌಕರಿ ಕಾಯಂ ಆದ ಖುಷಿಗೆ ತಂದ ಕಪ್ಪು ಬಿಳುಪು ಟಿವಿ ಅದು. ಭಾನುವಾರ ಬಂತೆಂದರೆ ಓಣಿಗೆ ಓಣಿಯೇ ನಮ್ಮ ಪಡಸಾಲೆಯಲ್ಲಿ ಇರುತ್ತಿತ್ತು. ಧಾರಾವಾಹಿ ಇಂಗ್ಲಿಷಿನದು, ನಮಗೆ ಬರುತ್ತಿದ್ದ ಮಾತು ಹಿಂದಿಯಲ್ಲಿ. ನಮ್ಮ ಕಡೆ ಉರ್ದು ಬೆರೆತ ಮಾತು ಎಲ್ಲರ ಕಿವಿಗೂ ಬಿದ್ದದ್ದೇ, ಹಾಗಾಗಿ ಅರ್ಧ ತಿಳಿಯುತ್ತಿತ್ತು. ತಿಳಿಯದಿದ್ದರೂ ನಷ್ಟವಿರಲಿಲ್ಲ, ಏಕೆಂದರೆ ಕಥೆ ಅರ್ಧವಾಗುವುದರೊಳಗೆ ಕರೆಂಟ್ ಹೋಗುತ್ತಿತ್ತು.

ಕರೆಂಟ್ ಹೋಯಿತೆಂದರೆ ಎಲ್ಲರೂ ದೊಡ್ಡಪ್ಪನ ಕಡೆ ತಿರುಗುತ್ತಿದ್ದರು. "ಹುಟ್ಟೋದು ನಿಮ್ಮ ಶಕ್ತಿನಗರದಾಗ, ಸಾಯೋದು ನಮ್ಮ ದೇವದುರ್ಗದಾಗ, ಇದೆಂಥ ಕರೆಂಟ್ರೀ?" ಎಂದು ಕೆಣಕುತ್ತಿದ್ದರು.

"ನಾ ಬಾಯ್ಲರ್ ಕೆಳಗಿನ ಬೂದಿ ತೆಗಿಯಾಂವ. ಸ್ವಿಚ್ ನನ್ನ ಕೈಯಾಗ ಇಲ್ಲ" ಎಂದು ದೊಡ್ಡಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ.

ಆಗ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಟಿವಿಯ ಮುಂದೆ ಬಂದು ಕೂಡುತ್ತಿದ್ದಳು. "ಯಾರೂ ಏಳಬ್ಯಾಡ್ರಿ. ಮುಂದಿಂದು ನಾ ಹೇಳ್ತೀನಿ." ಹೇಳಿದಳೆಂದರೆ ಹೇಳಿದಳು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ದೊಡ್ಡವ್ವ ಚುಕ್ಕೆಗಳ ನಡುವೆ ನೌಕೆಯನ್ನು ಎತ್ತಿನ ಬಂಡಿಯಷ್ಟು ಸಲೀಸಾಗಿ ಹೊಡೆಯುತ್ತಿದ್ದಳು. ನೀರು ಮುಗಿದರೆ ಅವಳ ನೌಕೆ ನಮ್ಮೂರ ಕಡೆಯ ಗೂಗಲ್ ಎಂಬ ಹಳ್ಳಿಯ ಹತ್ತಿರ ಕೃಷ್ಣೆಗೆ ಇಳಿದು ನೀರು ತುಂಬಿಕೊಳ್ಳುತ್ತಿತ್ತು. ಅಲ್ಲಿಯ ಗುಡಿಯ ಅಲ್ಲಮಪ್ರಭುವಿಗೆ ಕೈ ಮುಗಿದೇ ಮೇಲೇಳುತ್ತಿತ್ತು. ಶಕ್ತಿನಗರದ ಚಿಮಣಿಗಳ ಮೇಲೆ ಹಾಯುವಾಗ ಸಾಹೇಬ ಬಗ್ಗಿ ನೋಡಿ, ಕೆಳಗೆ ಬೂದಿ ತೆಗೆಯುತ್ತಿದ್ದ ದೊಡ್ಡಪ್ಪನಿಗೆ ನಮಸ್ಕಾರ ಮಾಡುತ್ತಿದ್ದ. ನಾವು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಕರೆಂಟ್ ವಾಪಸ್ ಬಂದರೆ ನನಗೆ ಬೇಜಾರಾಗುತ್ತಿತ್ತು, ಖರೆ ಹೇಳುತ್ತೇನೆ.

ಆದರೆ ಒಂದು ಭಾನುವಾರ ಯಾರೂ ನಗಲಿಲ್ಲ. ಆ ಕಂತಿನಲ್ಲಿ ದಿಕ್ಕಿಲ್ಲದ ಒಂದು ಗ್ರಹ, ಅಲ್ಲೊಂದು ಟವರು, ಅದರಲ್ಲಿ ಒಬ್ಬಳೇ ಹುಡುಗಿ. ಬಿರುಗಾಳಿ ಎದ್ದಿತ್ತು. ನೌಕೆಗೆ ದಾರಿ ತೋರಿಸಲು ಯಾರಾದರೂ ಒಬ್ಬರು ಅಲ್ಲಿದ್ದು ದೀಪ ಬೆಳಗುತ್ತಿರಬೇಕು. ಅವಳು ಉಳಿದಳು. ಸಾಹೇಬ ಬಾಗಿಲಲ್ಲಿ ನಿಂತು "ಬರ್ತೀನಿ" ಎಂದ. ಅಷ್ಟಕ್ಕೆ ಕರೆಂಟ್ ಹೋಯಿತು.

ಪಕ್ಕದ ಮನೆಯ ಮುದುಕ, ನಾವೆಲ್ಲ ಕಾಕಾ ಎನ್ನುತ್ತಿದ್ದವನು, "ಬಿಟ್ಟು ಹೋದವರು ಎಲ್ಲಿ ಬರ್ತಾರ, ತಗೀರಿ" ಎಂದ. ಅವನು ಹೇಳಿದ್ದು ಸಾಹೇಬನ ಬಗ್ಗೆ. ನನಗೆ ಮಾತ್ರ ಅವ್ವ ನೆನಪಾದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತೆ ಓದಿಗೆ ನಿಂತಿದ್ದಳು. ನನ್ನನ್ನು ತನ್ನ ಅಕ್ಕನ ಮನೆಯಲ್ಲಿ, ಅಂದರೆ ಈ ದೊಡ್ಡವ್ವನ ಹತ್ತಿರ ಬಿಟ್ಟು, ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದಳು. ಮೊದಮೊದಲು ರಜೆ ಸಿಕ್ಕಾಗೆಲ್ಲ ಬರುತ್ತಿದ್ದವಳು ಪರೀಕ್ಷೆ ಹತ್ತಿರ ಬಂದಂತೆ ಬರುವುದನ್ನೇ ನಿಲ್ಲಿಸಿದ್ದಳು. ನಾನು ಬಾಗಿಲ ಹಿಂದೆ ಹೋಗಿ ಅಳತೊಡಗಿದೆ.

"ನೀವು ಸುಮ್ಮಕಿರ್ರಿ ಕಾಕಾ. ಈಗ ವಿಮಾನ ನಾ ಹೊಡಿಯಾಕತ್ತೀನಿ" ಎಂದಳು ದೊಡ್ಡವ್ವ. ನನ್ನನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡು ಕಥೆ ಮುಂದುವರಿಸಿದಳು. ಸಾಹೇಬ ಹೋದ, ಬಹಳ ದಿನ ಆಯಿತು, ಮತ್ತೆ ಬಂದ. ಟವರಿನ ಹುಡುಗಿ ಸಿಟ್ಟಿನಿಂದ ಬೆನ್ನು ತಿರುಗಿಸಿ ನಿಂತಿದ್ದಳು. ಸಾಹೇಬ ಅವಳ ಭುಜ ಹಿಡಿದು ಹೇಳಿದ: "ತಡ ಆತು, ಖರೆ. ಕಲಿಯೋದು ಇತ್ತು, ಕಲ್ತು ಬಂದೀನಿ. ಇನ್ನ ಕೂಡೇ ಇರೂಣು." ಅಷ್ಟು ದೊಡ್ಡ ಸಾಹೇಬನಿಗೆ ಕಲಿಯುವುದು ಇನ್ನೇನಿತ್ತು ಎಂದು ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕಣ್ಣೊರೆಸಿಕೊಂಡು ಎದ್ದು ಆಡಲು ಹೋದೆ.

ಈಗ ಡಿಸ್ಕ್ ಹಾಕಿದ ಮೊದಲ ರಾತ್ರಿಯ ನನ್ನ ಸಂಭ್ರಮವನ್ನು ಹೇಗೆ ಹೇಳಲಿ? ಬಣ್ಣ ಇತ್ತು! ನಾವು ಬೂದಿ ಬಣ್ಣದ್ದೆಂದು ನಂಬಿದ್ದ ಕಂದೀಲು ಕುಂಕುಮದಷ್ಟು ಕೆಂಪಗಿತ್ತು. ಸಾಹೇಬನ ಅಂಗಿ ಅರಿಶಿನ. ಮಾಸ್ತರನ ಗಡ್ಡ ಅಂಟಿಸಿದ್ದೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಬಂಡೆಗಲ್ಲು ಒದ್ದರೆ ಅಲುಗುತ್ತಿತ್ತು. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಮರುಬೆಳಿಗ್ಗೆಯೇ ದೊಡ್ಡವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಬಣ್ಣ, ಗಡ್ಡ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಇರಲಿ. ಆ ಟವರಿನಾಕಿ ಏನಾದ್ಳು? ನಾ ಹೇಳಿದ್ದು ಖರೆ ಏನು?" ಎಂದಳು. ಇಷ್ಟು ವರ್ಷ ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

ಆ ಸಂಜೆ ಆ ಕಂತು ಹುಡುಕಿ ನೋಡಿದೆ. ಸಾಹೇಬ ಬರುವುದಿಲ್ಲ. ಕಿಟಕಿಯಲ್ಲಿ ಟವರಿನ ದೀಪ ಚಿಕ್ಕದಾಗುತ್ತ ಹೋಗುತ್ತದೆ, ಪಿಟೀಲು ಅಳುತ್ತದೆ, ಹೆಸರುಗಳು ಮೇಲೇರುತ್ತವೆ. ಮುಂದಿನ ಕಂತಿನಲ್ಲಾದರೂ ಬಂದಾನು ಎಂದು ಉಳಿದ ಡಿಸ್ಕ್‌ಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಒಬ್ಬರಾದರೂ ಅವಳ ಹೆಸರೆತ್ತುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಎಂಥ ಜನ ಇವರು? ಹುಡುಗಿಯನ್ನು ಬಿಟ್ಟು ಬಂದು ಮರುವಾರವೇ ಊಟದ ಮೇಜಿನಲ್ಲಿ ನಗುತ್ತ ಕೂತಿದ್ದಾರೆ.

ದೊಡ್ಡವ್ವನಿಗೆ ಏನು ಹೇಳುವುದು? ಆ ಡಿಸ್ಕ್‌ಗೆ ಗೀರು ಬಿದ್ದಿದೆ ಎನ್ನಲೇ ಎಂದು ಯೋಚಿಸಿದೆ. ಯೋಚಿಸುವಷ್ಟರಲ್ಲಿ ಅವಳು ಭಾನುವಾರ ಬೆಳಿಗ್ಗೆ ದೇವದುರ್ಗದ ಬಸ್ಸಿಳಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ದೊಡ್ಡವ್ವನೇ ಫೋನು ಮಾಡಿ ಕರೆದಿದ್ದಳಂತೆ, ರಾಯಚೂರಿನಿಂದ ಅವ್ವನೂ ಬಂದಳು. ತರಬೇತಿ ಮುಗಿಸಿ ಬಂದು ನನ್ನನ್ನು ಕರೆದುಕೊಂಡು ಹೋದವಳು, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ಅವ್ವ. ಆ ಭಾನುವಾರಗಳಲ್ಲಿ ಊರಲ್ಲಿರದಿದ್ದರಿಂದ ಕಂದೀಲಿನ ಕಥೆಯನ್ನು ಅವಳು ಹೆಚ್ಚು ನೋಡಿದವಳೇ ಅಲ್ಲ. ಮಂಡಾಳ ಒಗ್ಗರಣೆ, ಮಿರ್ಚಿ ತಟ್ಟೆಗೆ ಹಾಕಿಕೊಂಡು ಇಬ್ಬರೂ ಟಿವಿಯ ಮುಂದೆ ಕೂತರು.

"ಆ ಕಂತಽ ಹಚ್ಚು" ಎಂದಳು ದೊಡ್ಡವ್ವ.

ಹಚ್ಚಿದೆ. ಡಿಸ್ಕ್‌ನಲ್ಲಿ ಹಿಂದಿ ಇರಲಿಲ್ಲ, ಇದ್ದದ್ದು ಇಂಗ್ಲಿಷ್. ನಾನೇ ಕನ್ನಡದಲ್ಲಿ ಹೇಳುತ್ತ ಹೋದೆ. ಮಾತಿನಲ್ಲಿ ಒಂದಿಷ್ಟು ಸುಳ್ಳು ಬೆರೆಸಬಹುದಿತ್ತು, ಆದರೆ ಚಿತ್ರಕ್ಕೆ ಏನು ಬೆರೆಸಲಿ? ಸಾಹೇಬ ಬಾಗಿಲಲ್ಲಿ ನಿಂತು "ಬರ್ತೀನಿ" ಎಂದಾಗ ನಾನು ಅಭ್ಯಾಸಬಲದಿಂದ ಮೇಲಿನ ಬಲ್ಬಿನ ಕಡೆ ನೋಡಿದೆ. ಕರೆಂಟ್ ಹೋಗಲಿಲ್ಲ. ಹೋಗಿದ್ದರೂ ಮನೆಯಲ್ಲಿ ಇನ್ವರ್ಟರ್ ಇದೆ. ನೌಕೆ ಎದ್ದಿತು, ದೀಪ ಚಿಕ್ಕದಾಯಿತು, ಪಿಟೀಲು ಅತ್ತಿತು. ತೆರೆ ಕಪ್ಪಾಯಿತು.

ನಾನು ದೊಡ್ಡವ್ವನ ಮುಖ ನೋಡಲು ಹೆದರಿದೆ. ಅವಳು ಮಿರ್ಚಿಯ ತೊಟ್ಟನ್ನು ತಟ್ಟೆಯಲ್ಲಿಟ್ಟಳು.

"ಪಾಪ, ಇವರ ಕಡಿನೂ ಕರೆಂಟ್ ಹೋತು ನೋಡು" ಎಂದಳು. "ಅದಕ್ಕ ಕಥಿ ಅರ್ಧಕ್ಕ ನಿಂತದ. ಏಳಬ್ಯಾಡ್ರಿ, ಮುಂದಿಂದು ನಾ ಹೇಳ್ತೀನಿ."

ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ರಿಮೋಟು ಬದಿಗಿಟ್ಟು ಅವಳ ಕಾಲಬುಡಕ್ಕೆ ಹೋಗಿ ಕೂತೆ. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ನೌಕೆಯನ್ನು ಹೊರಳಿಸಿದಳು. ಗೂಗಲ್‌ನಲ್ಲಿ ನೀರು ತುಂಬಿಸಿದಳು, ಅಲ್ಲಮಪ್ರಭುವಿಗೆ ಕೈ ಮುಗಿಸಿದಳು. ಶಕ್ತಿನಗರದ ಚಿಮಣಿಗಳ ಮೇಲೆ, ಈಗ ಇಲ್ಲದ ದೊಡ್ಡಪ್ಪನಿಗೆ ಸಾಹೇಬನಿಂದ ಮತ್ತೊಮ್ಮೆ ನಮಸ್ಕಾರ ಹೇಳಿಸಿದಳು. ಟವರಿನ ಹುಡುಗಿ ಬೆನ್ನು ತಿರುಗಿಸಿ ನಿಂತಳು. "ತಡ ಆತು, ಖರೆ" ಎಂದ ಸಾಹೇಬ. "ಕಲಿಯೋದು ಇತ್ತು, ಕಲ್ತು ಬಂದೀನಿ. ಇನ್ನ ಕೂಡೇ ಇರೂಣು."

ಅಲ್ಲಿಯವರೆಗೆ ನಗುತ್ತ ಕೇಳುತ್ತಿದ್ದ ಅವ್ವ ನಗುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು, ಆಮೇಲೆ ಅಕ್ಕನನ್ನು ನೋಡಿದಳು.

"ಯಕ್ಕಾ, ಇದು ಅದ್ರಾಗ ಇಲ್ಲಲ್ಲ" ಎಂದಳು.

"ಇಲ್ಲಂದ್ರ ಏನಾತು?" ಎಂದಳು ದೊಡ್ಡವ್ವ. "ನೀ ಬಂದಿ ಇಲ್ಲೋ?"

ಅವ್ವ ಕೈ ಚಾಚಿ ನನ್ನ ಭುಜ ಹಿಡಿದುಕೊಂಡಳು. "ಬಂದೆ" ಎಂದಳು.