ಬೈಲುಕುಪ್ಪೆಯಲ್ಲಿ ನಾನು ಮಾಡಿದ ಧ್ಯಾನ

ನನಗೆ ಧ್ಯಾನ ಬರುವುದಿಲ್ಲ. ಕಣ್ಣು ಮುಚ್ಚಿದರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಬಂದು ಕೂರುತ್ತದೆ. ಆದರೂ ಬೈಲುಕುಪ್ಪೆಯ ಬೌದ್ಧ ದೇವಾಲಯದಲ್ಲಿ ಒಂದು ಸಲ ಧ್ಯಾನ ಮಾಡಿದ್ದೇನೆ. ನೆನೆದರೆ ಇಂದಿಗೂ ಬಾಯಿ ಕಹಿಯಾಗುತ್ತದೆ.

ಹಿಂದೂಪುರದಿಂದ ನಮ್ಮ ಶಾಲೆಯ ಮೇಷ್ಟ್ರುಗಳೆಲ್ಲ ವ್ಯಾನು ಮಾಡಿಕೊಂಡು ಹೊರಟಿದ್ದೆವು. ಒಂದು ಸೀಟು ಖಾಲಿ ಇತ್ತೆಂದು ಅಣ್ಣನನ್ನೂ ಕರೆದೆ. ನಮ್ಮದು ನೇಯ್ಗೆಯ ಮನೆತನ. ಅಣ್ಣ ಇವತ್ತಿಗೂ ಮಗ್ಗಕ್ಕೆ ಕೂರುತ್ತಾನೆ. ಅವನು ಮಗ್ಗಕ್ಕೆ ಕೂತದ್ದರಿಂದಲೇ ನಾನು ಬೆಂಚಿನ ಮೇಲೆ ಕೂತು ಓದಿ ಮೇಷ್ಟ್ರಾದೆ. ಚಿಲಮತ್ತೂರು ದಾಟುವಷ್ಟರಲ್ಲಿ ಬುದ್ಧನ ಕುರಿತು ನನ್ನ ಉಪನ್ಯಾಸ ಶುರುವಾಗಿತ್ತು. ಹಿಂದಿನ ಭಿಕ್ಷುಗಳು ಜನ ಎಸೆದ ಚಿಂದಿ ಆಯ್ದು, ಹೊಲಿದು, ಚೀವರ ಮಾಡಿ ಉಡುತ್ತಿದ್ದರು ಎಂದೆ. "ಅದು ಯಾವ ನೂಲ್ದು ಕಣ್ಲಾ?" ಎಂದು ಹಿಂದಿನ ಸೀಟಿನಿಂದ ಅಣ್ಣ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೇವಾಲಯದ ಒಳಗೆ ಬಂಗಾರದ ಬಣ್ಣದ ಎತ್ತರದ ಬುದ್ಧ. ನಮ್ಮವರೆಲ್ಲ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದರು. ನಾನೂ ಕೂತೆ, ಅರೆಗಣ್ಣಿನಲ್ಲಿ ಅಣ್ಣನನ್ನು ನೋಡುತ್ತ. ಅವನು ಬುದ್ಧನನ್ನು ನೋಡಿದ್ದು ಕಡಿಮೆ. ಕಟ್ಟಿದ್ದ ಹಗ್ಗ ದಾಟಿ, ಕಂಬಕ್ಕೆ ಇಳಿಬಿಟ್ಟಿದ್ದ ರೇಷ್ಮೆಯ ಅಂಚನ್ನು ಮಗುಚಿ ಹಿಂಬದಿ ನೋಡತೊಡಗಿದ. ನಮ್ಮ ನೇಕಾರರ ಚಾಳಿ ಅದು. ಮದುವೆಮನೆಯಲ್ಲಿ ಬೀಗಿತ್ತಿಯ ಸೆರಗನ್ನೇ ಮಗುಚಿ ಬೈಸಿಕೊಂಡವರಿದ್ದಾರೆ. ಬಟ್ಟೆಯ ಮುಂಬದಿ ಯಾರಿಗಾದರೂ ಕಾಣುತ್ತದೆ, ನೇಯ್ದವನ ಕೈ ತಿಳಿಯುವುದು ಹಿಂಬದಿಯಲ್ಲಿ. "ಎಂತ ಪನಿತನಂ ರಾ!" ಎಂದು ಅಣ್ಣ ತೆಲುಗಿನಲ್ಲಿ ಗಟ್ಟಿಯಾಗಿ ಆ ಕೆಲಸವನ್ನು ಮೆಚ್ಚಿದ.

ಕಾವಲಿನವನು ಓಡಿ ಬಂದು ಅವನ ಕೈ ಹಿಡಿದ. "ಮುಟ್ಬಾರ್ದು ಅಂತ ಬೋರ್ಡ್ ಹಾಕಿಲ್ವೇನ್ರೀ? ಇವರ ಜೊತೆ ಯಾರು ಬಂದಿದ್ದೀರಿ?"

ಸುತ್ತ ಇದ್ದ ಪ್ರವಾಸಿಗಳೆಲ್ಲ ತಿರುಗಿ ನೋಡಿದರು. ನಾನೆದ್ದು "ನಮ್ಮಣ್ಣ, ನೇಕಾರ, ಗೊತ್ತಾಗಲಿಲ್ಲ ಕ್ಷಮಿಸಿ" ಎಂದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಹೆಡ್‌ಮಾಸ್ಟರರು ಇದ್ದರು ನೋಡಿ, ನಾಚಿಕೆಯಾಯಿತು. ಕಣ್ಣು ಬಿಗಿಯಾಗಿ ಮುಚ್ಚಿ ಬೆನ್ನು ನೆಟ್ಟಗೆ ಮಾಡಿದೆ. ನಮ್ಮ ಮೇಷ್ಟ್ರುಗಳಲ್ಲಿ ಬೇರೆ ಯಾರೂ ಕಣ್ಣು ಬಿಡಲಿಲ್ಲ, ನಿಜ. ಆದರೆ ಅವನು ಅವರ ಅಣ್ಣನಲ್ಲ.

"ಯಾರೂ ಇಲ್ಲ ಸಾಮಿ, ಒಬ್ನೇ ಬಂದೀನಿ. ಹೋಯ್ತೀನಿ ಬಿಡಿ" ಎಂಬ ಅಣ್ಣನ ದನಿ ಕೇಳಿಸಿತು.

ಅವನ ಹೆಜ್ಜೆ ಸದ್ದು ಬಾಗಿಲು ದಾಟುವವರೆಗೂ ನಾನು ಅಲ್ಲಾಡಲಿಲ್ಲ. ಅಷ್ಟು ಏಕಾಗ್ರತೆ ನನಗೆ ಮತ್ತೆಂದೂ ಒದಗಿಲ್ಲ.

ಹೊರಗೆ ಬಂದಾಗ ಅಣ್ಣ ರಾಶಿಯಲ್ಲಿದ್ದ ನನ್ನ ಚಪ್ಪಲಿಯನ್ನೂ ಹುಡುಕಿ ತೆಗೆದಿಟ್ಟು, ಬಿಸಿಲಲ್ಲಿ ನಿಂತಿದ್ದ. ನಾನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡೆ. ಅವನೇ ಕೇಳಿದ: "ನಿದ್ದೆ ಬಂದ್ಬುಟ್ಟಿತ್ತೇನ್ಲಾ? ಕೋಳಿ ಕೂಗೋಕ್ ಮುಂಚೆ ಎದ್ದಿದ್ದೆ ನೀನು, ಪಾಪ."

ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನಗೊಂದು ನೆಪವನ್ನು ತಾನೇ ಹುಡುಕಿ ಕೊಟ್ಟಿದ್ದ. ಈಗಲಾದರೂ ನಿಜ ಹೇಳಬಹುದಿತ್ತು.

"ಹೂಂ ಅಣ್ಣಾ, ಒಳ್ಳೆ ನಿದ್ದೆ" ಎಂದೆ.