ಈರುಳ್ಳಿ ಬೇರಿನಲ್ಲಿ ಕಂಡ ಭಾಗ

ಸೊಸೆ ಹೋದ ತಿಂಗಳು ಒಂದು ದಿನ ಹೋಟೆಲಿನವರ ಹಾಗೆ ಈರುಳ್ಳಿಯನ್ನು ವಿನಿಗರ್‌ನಲ್ಲಿ ನೆನೆಹಾಕಿ ಊಟದ ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದದ್ದೇ ತಡ, ಆ ಹುಳಿವಾಸನೆ ಮೂಗಿಗೆ ಹೊಡೆದು ನನ್ನ ಕಣ್ಣಲ್ಲಿ ನೀರಾಡಿತು. "ಖಾರ ಆಯ್ತಾ ಅತ್ತೆ?" ಎಂದಳು. ಹೂಂ ಎಂದುಬಿಟ್ಟೆ. ವಯಸ್ಸಾದವರಿಗೆ ಇದೊಂದು ಅನುಕೂಲ, ಅವರು ಯಾವ ಕಾರಣ ಕೊಟ್ಟರೂ ಮನೆಯವರು ಒಪ್ಪಿಕೊಳ್ಳುತ್ತಾರೆ. ನಿಮಗಾದರೆ ನಿಜ ಹೇಳುತ್ತೇನೆ. ಆ ವಾಸನೆ ನನ್ನನ್ನು ಹಾಸನದ ಈ ಮನೆಯಿಂದ ಎಬ್ಬಿಸಿಕೊಂಡು ಹೋಗಿ, ಯುದ್ಧದ ಕಾಲದ ಹೊಳೆನರಸೀಪುರದ ಒಂದು ಜಗಲಿಯ ಮೇಲೆ ಕೂರಿಸಿತ್ತು.

ಅಲ್ಲಿ ಪೇಟೆಬೀದಿಯಲ್ಲಿ ನಮ್ಮದು ಈರುಳ್ಳಿ, ಮೆಣಸಿನಕಾಯಿ, ಕೊಬ್ಬರಿಯ ಅಂಗಡಿ. ಹಿಂದುಗಡೆಯೇ ಮನೆ. ಅಂಗಡಿ ದೊಡ್ಡಪ್ಪನದು ಮತ್ತು ಅಪ್ಪನದು, ಮನೆ ಮಾತ್ರ ಪೂರಾ ದೊಡ್ಡವ್ವನದು. ನಾನು ಹುಟ್ಟಿದ ಮೇಲೆ ಅವ್ವ ಬಹಳ ಕಾಲ ಹಾಸಿಗೆ ಹಿಡಿದಿದ್ದಳಂತೆ. ಆಗ ದೊಡ್ಡವ್ವನ ಮಡಿಲಿಗೆ ಹೋದವಳು ನಾನು ಹಿಂದಿರುಗಲೇ ಇಲ್ಲ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವಳು ನನಗೆ ಜಡೆ ಹಾಕುತ್ತಿದ್ದ ರೀತಿ ಇವತ್ತಿಗೂ ನೆತ್ತಿಗೆ ನೆನಪಿದೆ. ಮೊದಲು ಹೆಬ್ಬೆರಳಿಂದ ಹಣೆಗೆ ಒಂದೊತ್ತು ಎಣ್ಣೆ, ಆಮೇಲೆ "ಅಲ್ಲಾಡ್ಬ್ಯಾಡ ಕಣಮ್ಮಿ" ಎಂದು ಒಂದು ಗದರಿಕೆ, ಆಮೇಲೆ ಹುಬ್ಬು ಮೇಲಕ್ಕೇರುವ ಹಾಗೆ ಬಿಗಿ. ಸ್ಕೂಲಿನಲ್ಲಿ ನನ್ನನ್ನು ನೋಡಿದವರಿಗೆ ಈ ಹುಡುಗಿ ಯಾವಾಗಲೂ ಆಶ್ಚರ್ಯದಲ್ಲೇ ಇರುತ್ತಾಳೆ ಅನ್ನಿಸುತ್ತಿತ್ತೋ ಏನೋ.

ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರು ವಿಜ್ಞಾನದ ಮೇಷ್ಟ್ರು. ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಯವರು, ಇನ್ನೂ ಮದುವೆಯಾಗಿರಲಿಲ್ಲ. ಬಂದ ಹೊಸದರಲ್ಲಿ ಅಂಗಡಿಗೆ ಬಂದು, ಬೇರು ಬಂದ ಈರುಳ್ಳಿ ಬೇಕು ಎಂದರು. ಮೂಟೆ ಹೊರುವ ಸಿದ್ದ ತಬ್ಬಿಬ್ಬಾದ.

"ಅದ್ನ ತಿಪ್ಪೇಗ್ ಆಕ್ತೀವಿ ಸಾ. ಹಳೇಕೋಟೆ ಗಾಡೀಲಿ ಒಳ್ಳೇ ಮಾಲ್ ಬಂದೈತೆ, ತಕ್ಕಳಿ."

"ನನಗೆ ಬೇರೇ ಬೇಕು ಕಣಪ್ಪ."

ಸಿದ್ದ ಹೋಗಿ ಬೇರೆ ಮೂಟೆ ಬಿಚ್ಚಿದ. ಮೇಷ್ಟ್ರು ಮತ್ತೆ ಬೇರೇ ಬೇಕು ಎಂದರು. ಅವನು ಇನ್ನೊಂದು ಬಿಚ್ಚಿದ. ಕೊನೆಗೆ ದೊಡ್ಡಪ್ಪನೇ ಎದ್ದು ಬಂದು ಬಿಡಿಸಿ ಹೇಳಬೇಕಾಯಿತು. ಅಂದಿನಿಂದ ಅವರು ಪೇಟೆಗೆಲ್ಲ ಈರುಳ್ಳಿ ಮೇಷ್ಟ್ರಾದರು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತಿತ್ತು. ಅಪ್ಪನಿಗೆ ಅರಕಲಗೂಡಿನಲ್ಲಿ ತನ್ನದೇ ಅಂಗಡಿ ಇಡುವ ಮನಸ್ಸು. ಅಣ್ಣತಮ್ಮಂದಿರು ಒಂದೇ ಗಲ್ಲಾಪೆಟ್ಟಿಗೆಯ ಎರಡು ಬದಿಯಲ್ಲಿ ಕೂತು, ಸಿದ್ದನ ಮೂಲಕ ಮಾತಾಡುತ್ತಿದ್ದರು. ಭಾಗ ಎನ್ನುವ ಪದ ಮಾತ್ರ ಹೊರಬೀಳುತ್ತಿರಲಿಲ್ಲ. ಕೊಳಗ, ಕೊಪ್ಪರಿಗೆ ಹಂಚುವುದು ಸುಲಭ, ನಾನು ಯಾರ ಪಾಲಿಗೆ? ಅಪ್ಪನ ಮಗಳಾದ್ದರಿಂದ ಅಪ್ಪನ ಜೊತೆ ಹೋಗಬೇಕೆಂಬುದು ನನಗೂ ಗೊತ್ತಿತ್ತು, ದೊಡ್ಡವ್ವನಿಗೂ ಗೊತ್ತಿತ್ತು. ಅವಳು ನನ್ನ ತಲೆ ಬಾಚುವುದನ್ನು ನಿಧಾನ ಮಾಡಿದ್ದಳು. ಸ್ಕೂಲಿಗೆ ಹೊತ್ತಾಗುತ್ತೆ ಎಂದು ನಾನು ಹೇಳುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು, ಹೆಡ್ಮಾಸ್ತರರನ್ನು ಕಾಡಿ ಬೇಡಿ, ಸ್ಕೂಲಿನ ಭೂತಗನ್ನಡಿಯನ್ನು ಶಾಲಿನಲ್ಲಿ ಸುತ್ತಿ ಎಳೆಗೂಸಿನಂತೆ ಎತ್ತಿಕೊಂಡು ಬಂದು ಜಗಲಿಯ ಮೇಲಿಟ್ಟರು. ಸೂಕ್ಷ್ಮದರ್ಶಕ ಅನ್ನುವ ಹೆಸರು ನನಗೆ ತಿಳಿದದ್ದು ಆಮೇಲೆ. ಅವರ ಕಿಟಕಿಯಲ್ಲಿ ನೀರಿನ ಲೋಟಗಳ ಮೇಲೆ ಈರುಳ್ಳಿಗಳು ಬಿಳೀ ಬೇರು ಬಿಟ್ಟುಕೊಂಡು ಕೂತಿದ್ದವು. ಬೇರಿನ ತುದಿ ಕತ್ತರಿಸಿ, ಗಾಜಿನ ಮೇಲಿಟ್ಟು, ಹುಳಿ ಬೆರೆಸಿದ ಕೆಂಪು ಔಷಧಿಯ ಒಂದು ತೊಟ್ಟು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಬಿಸಿ ತೋರಿಸಿ, ಹೆಬ್ಬೆರಳಿಂದ ಒತ್ತಿದರು. ಆಗ ಜಗಲಿಯ ತುಂಬ ಎದ್ದದ್ದೇ ಈ ವಿನಿಗರ್ ವಾಸನೆ.

ಮೊದಲು ಕಣ್ಣಿಟ್ಟವಳು ನಾನು. ಕಪ್ಪನೆಯ ಕಡ್ಡಿಗಳು ಕಂಡವು. ಬೇರಿನ ಒಳಗೆ ಇಷ್ಟು ದೊಡ್ಡ ಕಡ್ಡಿಗಳೇ ಎಂದು ಬೆರಗಾದೆ. ಅವು ನನ್ನ ರೆಪ್ಪೆಯ ಕೂದಲು ಎಂದು ಮೇಷ್ಟ್ರು ನಗದೆ ತಿಳಿಸಿದರು. ಆಮೇಲೆ ಕಂಡಿತು ನೋಡಿ. ಒತ್ತೊತ್ತಾಗಿ ಕಟ್ಟಿದ ಕೋಣೆಗಳು, ಕೋಣೆಗೊಂದು ಕೆಂಪು ಉಂಡೆ. ಒಂದು ಕೋಣೆಯಲ್ಲಿ ಉಂಡೆ ಬಿಚ್ಚಿ ಎಳೆಎಳೆಯಾಗಿತ್ತು. ಇನ್ನೊಂದರಲ್ಲಿ ಎಳೆಗಳೆಲ್ಲ ಪಂಕ್ತಿಗೆ ಕೂತವರಂತೆ ನಡುವೆ ಸಾಲಾಗಿದ್ದವು. ಮತ್ತೊಂದರಲ್ಲಿ ಅವು ಎರಡು ತಂಡವಾಗಿ ಆಚೆಗೊಂದು ಈಚೆಗೊಂದು ಸರಿದಿದ್ದವು. ಕೊನೆಯದರಲ್ಲಿ ಎರಡು ಉಂಡೆ, ನಡುವೆ ಹೊಸದಾಗಿ ಒಂದು ಗೆರೆ. ಔಷಧಿ ತಗುಲಿದಾಗ ಯಾವುದು ಯಾವ ಹಂತದಲ್ಲಿತ್ತೋ ಅಲ್ಲೇ ನಿಂತುಬಿಟ್ಟಿದೆ, ನಡೆದದ್ದನ್ನು ನಾವೇ ಜೋಡಿಸಿಕೊಳ್ಳಬೇಕು ಎಂದರು ಮೇಷ್ಟ್ರು. ಈಗ ಇದನ್ನು ಬರೆಯುತ್ತಾ ನಾನು ಮಾಡುತ್ತಿರುವುದೂ ಅದೇ.

ಅಷ್ಟರಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ಜಗಲಿಗೆ ಬಂದು, ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತಿದ್ದರು. ಮೇಷ್ಟ್ರಿಗೆ ಉತ್ಸಾಹ ಬಂದರೆ ಊರು ಕೇರಿಯ ಪರಿವೆ ಇರುತ್ತಿರಲಿಲ್ಲ. ಗಟ್ಟಿಯಾಗಿ, "ಬನ್ನಿ ಯಜಮಾನ್ರೇ, ಇಲ್ಲಿ ಭಾಗ ಆಗ್ತಾ ಇದೆ. ನಡುವೆ ಗೋಡೆನೂ ಎದ್ದಾಯ್ತು" ಎಂದರು.

ದೊಡ್ಡಪ್ಪ ಅಪ್ಪನನ್ನು ದುರುಗುಟ್ಟಿ ನೋಡಿ, ಮೇಷ್ಟ್ರ ಕಡೆ ತಿರುಗಿದ. "ಯಾರ್ ಯೋಳಿದ್ರು ನಿಮ್ಗೆ?"

"ಪುಸ್ತಕದಲ್ಲೇ ಇದೆಯಲ್ಲ" ಎಂದರು ಪಾಪ ಮೇಷ್ಟ್ರು.

ಒಳಗಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ದೊಡ್ಡವ್ವ ಬಂದಳು. ಯಾರನ್ನೂ ನೋಡದೆ ನೇರ ಭೂತಗನ್ನಡಿಯ ಮುಂದೆ ಕೂತು ಕಣ್ಣಿಟ್ಟಳು. ಬಹಳ ಹೊತ್ತು ಎತ್ತಲಿಲ್ಲ.

"ಏನ್ ಅಂಚ್ಕತ್ತವೆ ಮೇಷ್ಟ್ರೇ ಇವು? ಅರ್ಧ ಅರ್ಧವಾ?"

"ಇಲ್ಲ ತಾಯಿ, ಅದೇ ಇದರ ಸೊಗಸು. ಬೇರೆ ಆಗೋಕೆ ಮುಂಚೆ ಒಂದೊಂದು ಎಳೆನೂ ತನ್ನಂಥದೇ ಇನ್ನೊಂದನ್ನ ಮಾಡ್ಕೊಳ್ಳುತ್ತೆ. ಮೊದಲು ಎರಡಾಗೋದು, ಆಮೇಲೆ ಭಾಗ. ಅದಕ್ಕೇ ಈ ಮನೆಗೂ ಪೂರ್ತಿ, ಆ ಮನೆಗೂ ಪೂರ್ತಿ."

"ಅಂಗಾದ್ರೆ ಇವುಗಳವ್ವ ಯಾವ್ ಕಡೀಕ್ ಓಗ್ತಾಳೆ?"

ಈ ಪ್ರಶ್ನೆ ಮೇಷ್ಟ್ರನ್ನು ಯಾವ ಪರೀಕ್ಷೆಯಲ್ಲೂ ಯಾರೂ ಕೇಳಿರಲಾರರು. "ಇಂಗ್ಲಿಷಿನಲ್ಲಿ ಎರಡಕ್ಕೂ ಮಗಳು ಅಂತಲೇ ಹೆಸರು. ತಾಯಿ ಅಂತ ಬೇರೆ ಉಳಿಯೋದಿಲ್ಲ. ಇಬ್ಬರಲ್ಲೂ ಇರ್ತಾಳೆ."

ದೊಡ್ಡವ್ವ ಎದ್ದಳು. ಗಂಡನಿಗೂ ಮೈದುನನಿಗೂ ಒಟ್ಟಿಗೇ ಕೇಳುವ ಹಾಗೆ, "ಭಾಗ ಆಗ್ರಪ್ಪ, ನಾನ್ ಬ್ಯಾಡ ಅನ್ನಾಕಿಲ್ಲ. ಆದ್ರೆ ಮೊದ್ಲು ಎಲ್ಡಾಗ್ಲಿ. ಸುಗ್ಗಿ ಕಳೀಗಂಟ ತಡೀರಿ" ಎಂದು ಒಳಗೆ ಹೋದಳು. ಆ ಪದವನ್ನು ಒಬ್ಬರು ಆಡಿದ ಮೇಲೆ ಮನೆಯಲ್ಲಿ ಉಸಿರಾಡುವುದು ಸಲೀಸಾಯಿತು. ಆ ಸಂಜೆ ಅಪ್ಪ, ದೊಡ್ಡಪ್ಪ ನೇರವಾಗಿ ಮಾತಾಡಿದರು.

ಮಾರನೆಯ ದಿನದಿಂದ ದೊಡ್ಡವ್ವ ನನ್ನ ಅವ್ವನನ್ನು ಒಲೆಯ ಮುಂದೆ ಕೂರಿಸಿದಳು. ಅಷ್ಟು ವರ್ಷ ನಾಜೂಕಿನವಳು ಎಂದು ಯಾರೂ ಕೆಲಸ ಹೇಳದ ಅವ್ವ, ಮುದ್ದೆ ತೊಳಸಲು ಕಲಿತಳು, ಹೊಗೆಗೆ ಕಣ್ಣುಜ್ಜಿಕೊಂಡಳು. ಉಪ್ಪಿನಕಾಯಿ ಎರಡು ಜಾಡಿಯಾಯಿತು, ಸಾರಿನ ಪುಡಿ ಎರಡು ಡಬ್ಬಿ, ಮೊಸರು ಎರಡು ಗಡಿಗೆ. ಇದೆಲ್ಲ ಸರಿ. ಆದರೆ ಒಂದು ಬೆಳಿಗ್ಗೆ ದೊಡ್ಡವ್ವ ಬಾಚಣಿಗೆಯನ್ನೂ ಅವ್ವನ ಕೈಗೆ ಕೊಟ್ಟಳು. ತನ್ನ ಕೈಯನ್ನು ಅವ್ವನ ಕೈಯ ಮೇಲಿಟ್ಟು, "ಬಿಗಿಯಾಗ್ ಇಡ್ಕಳಮ್ಮಿ, ಮಗ ಓಡಾಡ್ತದೆ, ಬಿಚ್ಚೋಯ್ತದೆ" ಎಂದಳು. ನನ್ನನ್ನು ಈಗಲೇ ಕೈಬಿಡುತ್ತಿದ್ದಾಳೆ ಎಂದುಕೊಂಡು ನಾನು ಕೊಟ್ಟಿಗೆಗೆ ಹೋಗಿ ಅತ್ತೆ.

ಸುಗ್ಗಿ ಮುಗಿಯಿತು. ಅರಕಲಗೂಡಿಗೆ ಗಾಡಿ ಹೂಡಿದ ದಿನ, ದೊಡ್ಡವ್ವ ಹೆಪ್ಪಿನ ಕುಡಿಕೆಯನ್ನು ನನ್ನ ತೊಡೆಯ ಮೇಲಿಟ್ಟಳು. ಅಲ್ಲಾಡದಂತೆ ಹಿಡಿದುಕೋ ಎನ್ನುತ್ತಾಳೆ ಎಂದು ಕಾದೆ. "ಎಲ್ಲಾನೂ ಎಲ್ಡು ಮಾಡ್ದೆ. ನಿನ್ನೊಬ್ಳನ್ನ ಮಾಡಾಕಾಗ್ನಿಲ್ಲ ಕಣ್ ಮಗಾ" ಎಂದು ಒಳಗೆ ಹೋದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಹೊರಗೆ ಬರಲಿಲ್ಲ.

ಅರಕಲಗೂಡಿನ ಮೊದಲ ಬೆಳಿಗ್ಗೆ. ಹೊಸ ಮನೆಯ ಹೊಸಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಹಿಂದಿನಿಂದ ಒಂದು ಹೆಬ್ಬೆರಳು ಬಂದು ಹಣೆಗೆ ಎಣ್ಣೆ ಒತ್ತಿತು. "ಅಲ್ಲಾಡ್ಬ್ಯಾಡ ಕಣಮ್ಮಿ." ಹುಬ್ಬು ಮೇಲಕ್ಕೇರಿತು. ದೊಡ್ಡವ್ವ ಬಂದಳೆಂದು ಗಕ್ಕನೆ ತಿರುಗಿದೆ. ಅವ್ವ ನಿಂತಿದ್ದಳು. ಅವ್ವನನ್ನು ತಬ್ಬಿಕೊಂಡು ನಾನು ಅತ್ತದ್ದು ಅದೇ ಮೊದಲು. ದೊಡ್ಡವ್ವ ಆ ಸುಗ್ಗಿಯುದ್ದಕ್ಕೂ ತನ್ನನ್ನೇ ಎರಡು ಮಾಡಿ, ಒಂದನ್ನು ನನ್ನ ಜೊತೆ ಗಾಡಿ ಹತ್ತಿಸಿದ್ದಳು. ಅಂಥ ಹೆಂಗಸನ್ನು ಮತ್ತೆ ನಾನು ಕಾಣಲಿಲ್ಲ. ಭೂತಗನ್ನಡಿಯಲ್ಲಿ ಎಷ್ಟೋ ಜನ ಕಣ್ಣಿಟ್ಟಿದ್ದಾರು, ಹೀಗೆ ನೋಡಿದವರು ಕಡಿಮೆ.

ಇಷ್ಟೆಲ್ಲ ನೆನೆದ ಮೇಲೆ ನನ್ನ ಬಗ್ಗೆಯೇ ನಗು ಬಂತು. ಮೊಮ್ಮಗಳ ಜಡೆ ನಮ್ಮ ಮನೆಯಲ್ಲಿ ನನ್ನ ಇಲಾಖೆ. ಸೊಸೆ ಹಾಕಲು ಬಂದಾಗಲೆಲ್ಲ "ನಿನಗೆ ಬಿಗಿ ಬರಲ್ಲ ಬಿಡಮ್ಮ" ಎಂದು ಬಾಚಣಿಗೆ ಕಸಿದುಕೊಳ್ಳುತ್ತಾ ಬಂದವಳು ನಾನು. ಮಾರನೆಯ ಬೆಳಿಗ್ಗೆ ಸೊಸೆಯನ್ನು ಕರೆದು, ಬಾಚಣಿಗೆ ಕೊಟ್ಟು, ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿ ಬಾಚತೊಡಗಿದಳು. ದಿನಾ ಬೆಳಿಗ್ಗೆ ಹೀಗೇ ನಡೆಯಿತು.

ಇವತ್ತು ನಾನು ಕೈ ತೆಗೆದು, ಸದ್ದಾಗದಂತೆ ಹೋಗಿ ಕಿಟಕಿಯ ಕುರ್ಚಿಯಲ್ಲಿ ಕೂತೆ. ಸೊಸೆ ಎಳೆ ಹಿಡಿದು ಒಂದು ಸಲ ಎಳೆದಳು. ಮೊಮ್ಮಗಳು ತಿರುಗದೆಯೇ, "ಅಜ್ಜೀ, ನೋವಾಗುತ್ತೆ, ಮೆಲ್ಲಗೆ" ಎಂದಳು. ಹಾಕುತ್ತಿರುವುದು ಅಜ್ಜಿಯಲ್ಲ, ತಾನು ಎಂದು ಹೇಳಲು ಸೊಸೆ ಬಾಯಿ ತೆರೆದಳು. ನಾನು ಬೇಡವೆಂದು ಕೈ ಆಡಿಸಿದೆ.